ಕಸೂತಿಯೋ ಗಣಿತವೋ: ನಿವೃತ್ತಿಯಲ್ಲಿ ಎರಡನ್ನೂ ನಿಭಾಯಿಸುವುದು ಹೇಗೆ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ)
ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ಬೆಳಿಗ್ಗೆ ಕಸೂತಿಗೆ ಕುಳಿತರೆ ಊಟದ ಹೊತ್ತಿನವರೆಗೂ ಏಳಲು ಮನಸ್ಸಾಗುವುದಿಲ್ಲ. ಸಂಖ್ಯಾಸಿದ್ಧಾಂತದ ಪುಸ್ತಕ ತೆರೆದ ದಿನ ಸೂಜಿ ಮೂಲೆ ಸೇರುತ್ತದೆ. ಮಗ "ವೇಳಾಪಟ್ಟಿ ಹಾಕಿಕೋ ಅವ್ವಾ" ಎನ್ನುತ್ತಾನೆ. ನೌಕರಿ ಇರುವ ತನಕ ಗಂಟೆ ಬಾರಿಸಿದಂತೆ ಎದ್ದು ಕುಳಿತವಳಿಗೆ ಮತ್ತೆ ಆ ಉಸಾಬರಿ ಬೇಡ. ಇಂಥ ಎರಡು ಗೀಳು ಹಚ್ಚಿಕೊಂಡವರು ಏನು ಮಾಡುತ್ತೀರಿ?

ಉತ್ತರ (ಬೆಟಗೇರಿ, ಗದಗ)
ಅಕ್ಕನವರೇ, ನಾನು ಅಂಚೆ ಇಲಾಖೆಯಿಂದ ನಿವೃತ್ತ. ದಿನವನ್ನು ಸೀಳುವ ಬದಲು ವರ್ಷವನ್ನೇ ಹಂಚಿಕೊಂಡಿದ್ದೇನೆ. ಮಳೆಗಾಲಕ್ಕೆ ಚದುರಂಗ, ಉಳಿದಂತೆ ತಬಲಾ. ಅವಸರವೇನಿದೆ?

ಉತ್ತರ (ವಿದ್ಯಾನಗರ, ಹುಬ್ಬಳ್ಳಿ)
ತಿಂಗಳುಗಟ್ಟಲೆ ಬಿಟ್ಟರೆ ಬೆರಳು ಮಾತು ಕೇಳುವುದಿಲ್ಲ ಸರ್. ಮೇಡಂ, ಕಸೂತಿಯ ಗವಂತಿ ಹೊಲಿಗೆಯನ್ನೂ ಗಣಿತಜ್ಞ ಆಯ್ಲರ್‌ನ ಏಳು ಸೇತುವೆಗಳ ಲೆಕ್ಕವನ್ನೂ (1736) ಒಟ್ಟಿಗೆ ಇಟ್ಟು ನೋಡಿದ್ದೀರಾ? ಕ್ಯೋನಿಗ್ಸ್‌ಬರ್ಗ್ ಊರಿನ ಏಳೂ ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬ ಲೆಕ್ಕ ಅದು.

ಮತ್ತೆ ಮಾಳಮಡ್ಡಿಯಿಂದ
ನೋಡಿದೆ, ಅಡುಗೆ ತಡವಾಯಿತು!

ಗವಂತಿಯಲ್ಲಿ ದಾರ ಒಂದು ಎಳೆ ಬಿಟ್ಟು ಒಂದು ಕಡೆ ಮೇಲೇಳುತ್ತ ಹೋಗಿ, ಮರಳುವಾಗ ಬಿಟ್ಟ ಜಾಗವನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಸೆರಗಿನ ಎರಡೂ ಬದಿ ಒಂದೇ ತರಹ ಕಾಣಬೇಕು. ಪ್ರತಿ ಗೆರೆಯ ಮೇಲೂ ಎರಡು ಸಲ ಹಾಯುವುದರಿಂದ ಪ್ರತಿ ರಂಧ್ರದಲ್ಲಿ ಸೇರುವ ಹೊಲಿಗೆಗಳು ಸಮಸಂಖ್ಯೆಯಲ್ಲೇ (ಎರಡು, ನಾಲ್ಕು ಹೀಗೆ) ಇರುತ್ತವೆ. ಹೀಗಾಗಿ ಆಯ್ಲರ್‌ನ ಲೆಕ್ಕದಂತೆ ಬಿಡಿ ತುಂಡಿಲ್ಲದ ಯಾವ ನಕ್ಷೆಯನ್ನಾದರೂ ಹೊರಟಲ್ಲಿಗೇ ಬಂದು ಮುಗಿಸಬಹುದು. ಕ್ಯೋನಿಗ್ಸ್‌ಬರ್ಗಿನಲ್ಲಿ ಅದಾಗಲಿಲ್ಲ, ಅಲ್ಲಿ ಸೇತುವೆಗೆ ಒಂದೇ ಸಲದ ಷರತ್ತು.

ಆದರೆ ಹೋಗುವಾಗ ಮೇಲೆ ಬಿದ್ದ ಹೊಲಿಗೆ ಬರುವಾಗ ಕೆಳಗೇ ಬೀಳುತ್ತದೆಂದು ಏನು ಖಾತ್ರಿ? ಚೌಕಳಿ ಹಾಳೆಯ ಚುಕ್ಕೆಗಳಿಗೆ ಚದುರಂಗದ ಮಣೆಯಂತೆ ಕರಿ, ಬಿಳಿ ಬಣ್ಣ ಹಚ್ಚಿದೆ. ಅಡ್ಡ, ಉದ್ದ ಗೆರೆಗಳಷ್ಟೇ ಇದ್ದರೆ ಕರಿಯಿಂದ ಬಿಳಿಗೆ ಹೋಗುವ ಹೊಲಿಗೆಗಳೆಲ್ಲ ಮೇಲ್ಬದಿಗೆ, ಬಿಳಿಯಿಂದ ಕರಿಗೆ ಬರುವವೆಲ್ಲ ಹಿಂಬದಿಗೆ. ಪ್ರತಿ ಗೆರೆಯನ್ನೂ ಎರಡೂ ದಿಕ್ಕಿನಿಂದ ದಾಟಿದರೆ ಸಾಕು, ತಪ್ಪುವ ಮಾತೇ ಇಲ್ಲ. ತುಳಸಿ ಕಟ್ಟೆಯ ನಕ್ಷೆಗೆ ಹೀಗೆ ದಾರಿ ಬರೆದಿಟ್ಟೆ. ಓರೆ ಗೆರೆ ಬಂದೊಡನೆ ಈ ಬಣ್ಣದ ಉಪಾಯ ಕೈಕೊಡುತ್ತದೆ, ಅದು ಈಗ ತಲೆ ತಿನ್ನುತ್ತಿದೆ.

ಬೆಟಗೇರಿಯ ಅಣ್ಣನವರೇ, ನಿಮ್ಮ ಹಂಚಿಕೆ ಚೆನ್ನ, ಆದರೆ ಶ್ರಾವಣದೊಳಗೆ ಸೊಸೆಯ ಇಳಕಲ್ ಸೀರೆಯ ಸೆರಗು ಮುಗಿಯಬೇಕು. ಹುಬ್ಬಳ್ಳಿಯವರೇ, ಓರೆ ಗೆರೆಗೆ ಏನಾದರೂ ಹೊಳೆದರೆ ಬರೆಯಿರಿ.