‘ಪ್ರೋಗ್ರೆಸಿವ್’ಗೆ ‘ಪ್ರಗತಿಪರ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಿರಿಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರು ಅಲ್ಲಿನ ಟಿವಿ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ಅವರ ತಡರಾತ್ರಿ ಶೋಗೆ ಹಲವು ಸಲ ಬಂದಿದ್ದಾರೆ. ಅದರಲ್ಲೊಂದು ತುಣುಕಿಗೆ ಮನೆಯವರಿಗಾಗಿ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಶೋ ಎಂಥದು ಅನ್ನುವುದಕ್ಕೆ ‘ವಿಡಂಬನೆ’ ಅಂತ ಹಾಕಿದೆ. ಕೆಲವರು ‘ಲೇವಡಿ’ ಅಂತ ಬರೆಯುತ್ತಾರೆ, ಅದು ಹೊಂದುವುದಿಲ್ಲ. ಲೇವಡಿಯಲ್ಲಿ ಎದುರಿನವರನ್ನು ಕೀಳು ಮಾಡುವುದಷ್ಟೇ ಇರುತ್ತದೆ. ಕೋಲ್ಬೇರ್ 2005ರಿಂದ 2014ರವರೆಗೆ ತಮ್ಮ ಹಿಂದಿನ ಶೋನಲ್ಲಿ ಬಲಪಂಥೀಯ ನಿರೂಪಕನ ವೇಷ ಹಾಕಿ ಮಾತಾಡುತ್ತಿದ್ದರಲ್ಲ, ಅದಕ್ಕೆ ‘ಅಣಕ’ ಸರಿ. 2015ರಿಂದ ಅವರು ಅವರಾಗಿಯೇ ಮಾತಾಡಿದ್ದು.

ನಾನು ಸಿಕ್ಕಿಹಾಕಿಕೊಂಡಿರುವುದು ಸ್ಯಾಂಡರ್ಸ್ ಅವರಿಗೆ ಹೇಳುವ ‘ಪ್ರೋಗ್ರೆಸಿವ್’ ಅನ್ನುವ ಪದದಲ್ಲಿ. ಪತ್ರಿಕೆಗಳ ರೂಢಿಯಂತೆ ‘ಪ್ರಗತಿಪರ ನಾಯಕ’ ಅಂತ ಬರೆದೆ. ನಮ್ಮೂರು ಸಾಗರದ ಹತ್ತಿರ. ಜಗಲಿಯಲ್ಲಿ ಕೂತು ಅಪ್ಪ ಅದನ್ನು ಓದಿದರು. “ಅಂದ್ರೆ ರಸ್ತೆ, ಸೇತುವೆ ಎಲ್ಲ ಜಾಸ್ತಿ ಮಾಡಿಸಿದವರಾ?” ಎಂದು ಕೇಳಿದರು. ಅವರು ಹಾಗೆ ಕೇಳಿದ್ದು ಸಹಜ. ನಮ್ಮ ಕಡೆ ‘ಪ್ರಗತಿಪರ ಕೃಷಿಕ’ ಅಂದರೆ ಅಡಿಕೆ ತೋಟಕ್ಕೆ ಹನಿ ನೀರಾವರಿ ಮಾಡಿಸಿ, ಮರಕ್ಕೆ ಕಾಳುಮೆಣಸು ಹಬ್ಬಿಸಿ, ನಾಲ್ಕು ಕಾಸು ಕಂಡವರು. ಅಲ್ಲಿ ಪ್ರಗತಿ ಅಂದರೆ ಏಳಿಗೆ. ‘ಪ್ರಗತಿಪರ ಚಿಂತಕ’ ಅಂದಾಗ ಮಾತ್ರ ಜಾತಿ, ಮೂಢನಂಬಿಕೆಗಳ ವಿರುದ್ಧ ಮಾತಾಡುವವರು ನೆನಪಾಗುತ್ತಾರೆ.

ಸ್ಯಾಂಡರ್ಸ್ ಮಾತಿನ ಒತ್ತು ಬೇರೆ ಕಡೆ ಇದೆ. ಎಲ್ಲರಿಗೂ ಸರ್ಕಾರವೇ ಆರೋಗ್ಯ ವಿಮೆ ಕೊಡಲಿ, ಕನಿಷ್ಠ ಕೂಲಿ ಏರಲಿ, ದೊಡ್ಡ ಸಿರಿವಂತರು ಜಾಸ್ತಿ ತೆರಿಗೆ ಕಟ್ಟಲಿ ಅನ್ನುವವರು ಅವರು. 1991ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಅವರೂ ಸೇರಿ ಕಟ್ಟಿದ ಕೂಟದ ಹೆಸರಲ್ಲೇ ‘ಪ್ರೋಗ್ರೆಸಿವ್’ ಇದೆ. ಹಾಗಾಗಿ ಪದವನ್ನು ಸುಮ್ನೆ ದಾಟಿ ಹೋಗುವ ಹಾಗಿಲ್ಲ.

‘ಪ್ರಗತಿಶೀಲ’ ಅಂದ ಕೂಡಲೇ ಅನಕೃ, ತರಾಸು, ನಿರಂಜನ ಎದುರಿಗೆ ಬರುತ್ತಾರೆ. ಅದು ಸಾಹಿತ್ಯದ ಪದವೇ ಆಗಿಹೋಗಿದೆ. ‘ಎಡಪಂಥೀಯ’ ಅಂದರೆ ಕೆಂಬಾವುಟದ ಪಕ್ಷ ಅಂದುಕೊಳ್ಳುತ್ತಾರೆ. ‘ಜನಪರ’ ಒಳ್ಳೆಯ ಪದ, ಆದರೆ ಎಲ್ಲ ಪಕ್ಷಗಳ ಫ್ಲೆಕ್ಸ್‌ನಲ್ಲೂ ಬಿದ್ದು ಸವೆದಿದೆ.

ಅದೇ, ಸ್ಯಾಂಡರ್ಸ್ ತಮ್ಮನ್ನು ‘ಡೆಮಾಕ್ರಟಿಕ್ ಸೋಷಿಯಲಿಸ್ಟ್’ ಎಂದು ಕರೆದುಕೊಳ್ಳುವ ಕಡೆ ‘ಸಮಾಜವಾದಿ’ ಅಂತ ಹಾಕಿದಾಗ ಅಪ್ಪ ಮತ್ತೆ ಕೇಳಲಿಲ್ಲ. “ಗೋಪಾಲಗೌಡ್ರ ಥರ” ಅಂದರು. 1951ರಲ್ಲಿ ಗೇಣಿದಾರರು ಕಾಗೋಡು ಸತ್ಯಾಗ್ರಹ ಮಾಡಿದ್ದು ನಮ್ಮ ತಾಲ್ಲೂಕಿನಲ್ಲೇ ಅಲ್ವಾ? ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರು ಈಗಲೂ ಇಲ್ಲಿ ಮನೆಮಾತು. ಪದ ಕಿವಿಗೆ ಬಿದ್ದರೆ ಸಾಕು, ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ‘ಪ್ರಗತಿಪರ’ದಲ್ಲಿ ನನಗೆ ಸಿಗದೇ ಇದ್ದದ್ದು ಅದೇ.

ಹಾಗಂತ ‘ಪ್ರೋಗ್ರೆಸಿವ್’ ಬಂದಲ್ಲೆಲ್ಲ ‘ಸಮಾಜವಾದಿ’ ಹಾಕಲಾಗುವುದಿಲ್ಲ. ಸೆನೆಟರ್ ಎಲಿಜಬೆತ್ ವಾರನ್ ಕೂಡ ಪ್ರೋಗ್ರೆಸಿವ್, ಆದರೆ ಸೋಷಿಯಲಿಸ್ಟ್ ಅಲ್ಲ. ಸದ್ಯಕ್ಕೆ ‘ಸಮಪಾಲಿನ ಪರ’ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಸಬ್‌ಟೈಟಲ್ ಸಾಲಿನಲ್ಲಿ ಹಿಡಿಸುವಷ್ಟು ಚಿಕ್ಕದಿದೆ, ಓದಲು ಮಾತ್ರ ಸ್ವಲ್ಪ ತಡವರಿಸುತ್ತದೆ. ನಿಮ್ಮ ಊರ ಕಡೆ ಇಂಥವರನ್ನು ಏನೆಂದು ಕರೆಯುತ್ತಾರೆ?