ರೈಲಿನ ಕಿಟಕಿಯಾಚೆ ನೋಡುವಾಗ ಕಣ್ಣುಗುಡ್ಡೆ ಜಿಗಿಯುವುದೇಕೆ?

ಪ್ರಶ್ನೆ (ದಾವಣಗೆರೆಯಿಂದ):
ಬೆಂಗಳೂರಿಗೆ ಹೋಗುವ ರೈಲಿನಲ್ಲಿ, ಎದುರಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಮಗಳ ಕಣ್ಣುಗಳನ್ನು ಗಮನಿಸಿದೆ. ಹಳಿಯ ಪಕ್ಕದ ಕಂಬಗಳು ಹಾದುಹೋಗುವಾಗ ಕಣ್ಣುಗುಡ್ಡೆಗಳು ಅವುಗಳ ಜೊತೆ ನಿಧಾನವಾಗಿ ಸರಿದು, ತಟ್ಟನೆ ವಿರುದ್ಧ ದಿಕ್ಕಿಗೆ ಜಿಗಿಯುತ್ತಿದ್ದವು. ಮೆಕ್ಕೆಜೋಳದ ಹೊಲಗಳಾಚೆಯ ಗುಡ್ಡವನ್ನು ನೋಡುವಾಗ ಜಿಗಿತ ಬಹುತೇಕ ನಿಂತಿತ್ತು. ಕೇಳಿದರೆ, ಅವಳಿಗೆ ಇದರ ಅರಿವೇ ಇರಲಿಲ್ಲ. ಇದು ದೋಷವೇ? ಮಿದುಳಿನ ಯಾವ ಭಾಗ ಇದನ್ನು ನಡೆಸುತ್ತದೆ?

ಉತ್ತರ 1:
ದೋಷವಲ್ಲ ಮೇಡಂ; ಹಾಗೆ ಜಿಗಿಯದಿದ್ದರೇ ಯೋಚಿಸಬೇಕು. ಇದನ್ನು ಆಪ್ಟೋಕೈನೆಟಿಕ್ ನಿಸ್ಟಾಗ್ಮಸ್ ಎನ್ನುತ್ತಾರೆ. 19ನೇ ಶತಮಾನದ ಆರಂಭದಲ್ಲೇ ಪುರ್ಕಿಂಜೆ ಎಂಬ ವಿಜ್ಞಾನಿ, ಕುದುರೆ ಸವಾರರ ಮೆರವಣಿಗೆ ನೋಡುತ್ತಿದ್ದವರ ಕಣ್ಣುಗಳಲ್ಲಿ ಇದನ್ನು ಗುರುತಿಸಿದ್ದರು. ಅಕ್ಷಿಪಟಲದ ಮೇಲೆ ಬಿಂಬ ಜಾರಿದರೆ ನೋಟ ಮಸುಕಾಗುತ್ತದೆ. ಆ ಜಾರುವಿಕೆಯ ದಿಕ್ಕು ಮತ್ತು ವೇಗಗಳನ್ನು ಅಳೆಯುವ ನರಕೋಶಗಳು ಮಧ್ಯಮೆದುಳಿಗೆ ತಾಗಿಕೊಂಡಿರುವ ಪ್ರಿಟೆಕ್ಟಮ್ ಭಾಗದಲ್ಲಿವೆ. ಬಲಬದಿಯವು ಬಲಕ್ಕೆ ಸರಿಯುವ ದೃಶ್ಯಕ್ಕೆ, ಎಡಬದಿಯವು ಎಡಕ್ಕೆ ಸರಿಯುವ ದೃಶ್ಯಕ್ಕೆ ಹೆಚ್ಚಾಗಿ ಸ್ಪಂದಿಸಿ, ಕಣ್ಣನ್ನು ಅದರ ಜೊತೆ ಸರಿಸುತ್ತವೆ. ಮೇಲೆ-ಕೆಳಗಿನ ಚಲನೆಯನ್ನು ಮಧ್ಯಮೆದುಳಿನ ಬೇರೆ ಸಣ್ಣ ಕೇಂದ್ರಗಳು ನೋಡಿಕೊಳ್ಳುತ್ತವೆ. ಕಣ್ಣು ಅಂಚಿಗೆ ತಲುಪುವ ಮೊದಲೇ ಅದನ್ನು ವಾಪಸ್ಸು ಎಸೆಯುವ ಅಡ್ಡ ಜಿಗಿತದ ಆದೇಶ ಮಿದುಳುಕಾಂಡದ ಪಾನ್ಸ್ ಎಂಬ ಭಾಗದಿಂದ ಬರುತ್ತದೆ. ದೂರದ ಗುಡ್ಡದ ಬಿಂಬ ಅಷ್ಟಾಗಿ ಜಾರುವುದಿಲ್ಲ, ಹಾಗಾಗಿ ಜಿಗಿಯುವ ಪ್ರಮೇಯವೂ ಕಡಿಮೆ.

ಉತ್ತರ 2 (ಚಿತ್ರದುರ್ಗದಿಂದ):
ಒಂದು ಮಾತು ಸೇರಿಸುತ್ತೇನೆ. ದೃಷ್ಟಿಯನ್ನು ನಂಬಿದ ಈ ವ್ಯವಸ್ಥೆ ತುಸು ನಿಧಾನದ್ದು. ಬೆರಳನ್ನು ಮುಖದ ಮುಂದೆ ಹಿಡಿದು ತಲೆಯನ್ನು ಬೇಗ ಬೇಗ ಅತ್ತಿತ್ತ ಆಡಿಸಿ, ಬೆರಳಿನ ಗೆರೆಗಳು ಸ್ಪಷ್ಟವಾಗಿಯೇ ಕಾಣುತ್ತವೆ. ತಲೆ ನಿಲ್ಲಿಸಿ ಬೆರಳನ್ನು ಅದೇ ವೇಗದಲ್ಲಿ ಆಡಿಸಿದರೆ ಗೆರೆಗಳು ಕಲಸಿಹೋಗುತ್ತವೆ. ತಲೆ ತಿರುಗಿದ ಸುದ್ದಿಯನ್ನು ಒಳಕಿವಿಯ ಅರ್ಧವರ್ತುಲ ನಾಳಗಳು ಕೊಡುತ್ತವೆ. ಅಲ್ಲಿಂದ, ಆ ಸುದ್ದಿಯನ್ನು ಪಡೆಯುವ ಮಿದುಳುಕಾಂಡದ ವೆಸ್ಟಿಬ್ಯುಲರ್ ಕೇಂದ್ರದ ಮೂಲಕ ಕಣ್ಣಿನ ಸ್ನಾಯುಗಳಿಗೆ ಮೂರೇ ನರಕೋಶಗಳ ಹಾದಿ. ಸುಮಾರು 10 ಮಿಲಿಸೆಕೆಂಡುಗಳಲ್ಲಿ ಕಣ್ಣು ಎದುರು ದಿಕ್ಕಿಗೆ ತಿರುಗಿರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ, ಚಿಕ್ಕಜಾಜೂರಿನಲ್ಲಿ ನಿಂತಿರುವಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಂತೆ ಭಾಸವಾಗುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 2:
ಇದೆ. ವೆಸ್ಟಿಬ್ಯುಲರ್ ಕೇಂದ್ರದ ಅನೇಕ ನರಕೋಶಗಳಿಗೆ ಕಿವಿಯಿಂದಷ್ಟೇ ಅಲ್ಲ, ಪ್ರಿಟೆಕ್ಟಮ್ ಹಾದಿಯಿಂದಲೂ ಸಂಕೇತ ಬರುತ್ತದೆ ಎಂಬುದು ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ನಾಳಗಳು ಸ್ವಲ್ಪ ಹೊತ್ತಿಗೆ ಮೌನವಾಗುತ್ತವೆ, ಆ ಕೊರತೆಯನ್ನು ಕಣ್ಣು ತುಂಬಿಕೊಡುತ್ತದೆ. ಈ ಏರ್ಪಾಟಿನ ಕಾರಣ, ಕಿಟಕಿಯ ತುಂಬ ದೃಶ್ಯ ಸರಿದರೆ ತಾನೇ ಚಲಿಸುತ್ತಿದ್ದೇನೆ ಎಂದು ಮಿದುಳು ತೀರ್ಮಾನಿಸುತ್ತದೆ.

ಉತ್ತರ 1:
ಸ್ಥಿರವಾದ ವಸ್ತುವನ್ನು ನೋಡುವಾಗಲೂ ಮಗುವಿನ ಕಣ್ಣು ಹೀಗೆ ಅಲುಗಾಡಿದರೆ ಮಾತ್ರ ನೇತ್ರತಜ್ಞರಿಗೆ ತೋರಿಸಿ.