ಸಹಾಯ ಬೇಕು: ತೆರಿಗೆ ಇಳಿದರೂ ಕ್ಷೌರದ ದರ ಇಳಿದಿಲ್ಲ, ದೂರು ಕೊಡಬಹುದೇ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಹೋಗುವ ಹವಾನಿಯಂತ್ರಿತ ಸಲೂನಿನಲ್ಲಿ ಮೊದಲು ಕಟಿಂಗ್‌ಗೆ 200 ರೂಪಾಯಿ ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 236 ರೂಪಾಯಿ ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಈ ಸೇವೆಯ ತೆರಿಗೆ ಶೇ 5ಕ್ಕೆ ಇಳಿದಿರುವುದರಿಂದ 210 ರೂಪಾಯಿ ಆಗಬೇಕಿತ್ತು; ಆದರೆ ಮೂಲದರವನ್ನೇ 225ಕ್ಕೆ ಏರಿಸಿರುವುದರಿಂದ ಬಿಲ್ಲು ಅಷ್ಟೇ ಬರುತ್ತಿದೆ. ತಂದೆ, ಮಕ್ಕಳು ಸೇರಿ ಮನೆಯಲ್ಲಿ ನಾಲ್ವರಿರುವ ನಮಗೆ ಇದು ಸಣ್ಣ ಮೊತ್ತವಲ್ಲ.

ಮಾಲೀಕರನ್ನು ವಿಚಾರಿಸಿದಾಗ, ಶೇ 5ರ ದರದಲ್ಲಿ ಇನ್‌ಪುಟ್ ತೆರಿಗೆ ಜಮೆ (ಖರೀದಿಗಳ ಮೇಲೆ ಕಟ್ಟಿದ ತೆರಿಗೆಯನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲವಾದ್ದರಿಂದ ಬಾಡಿಗೆ, ಕ್ರೀಮು, ಯಂತ್ರಗಳ ಮೇಲೆ ಕಟ್ಟಿದ ತೆರಿಗೆಯೆಲ್ಲ ತಮ್ಮ ಮೇಲೆಯೇ ಬೀಳುತ್ತದೆ ಎಂದು ಸಮಾಧಾನದಿಂದಲೇ ವಿವರಿಸಿದರು. ಆ ಮಾತಿನಲ್ಲಿ ನ್ಯಾಯವಿದೆ ಎಂದೇ ನನಗೂ ಅನ್ನಿಸುತ್ತದೆ, ಆದರೆ ಇಳಿಕೆಯ ಇಡೀ ಲಾಭ ಅದರಲ್ಲೇ ಕರಗಿತೆಂಬುದನ್ನು ಒಪ್ಪಲಾಗುತ್ತಿಲ್ಲ. ಪರಿಚಿತ ಲೆಕ್ಕಿಗರೊಬ್ಬರು ದರ ನಿಗದಿ ಅಂಗಡಿಯವರ ಹಕ್ಕು ಎಂದರು. ಅಲ್ಲದೆ ತೆರಿಗೆ ಇಳಿದರೂ ದರ ಇಳಿಸದ ಲಾಭಕೋರತನವನ್ನು ತಡೆಯುವ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 171ರ ಅಡಿ 2025ರ ಏಪ್ರಿಲ್ 1ರಿಂದ ಹೊಸ ದೂರುಗಳನ್ನು ಸ್ವೀಕರಿಸುತ್ತಿಲ್ಲ.

ಹಾಗಿರುವಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇಂಥ ದೂರು ಕೊಟ್ಟವರು ಇಲ್ಲಿ ಯಾರಾದರೂ ಇದ್ದೀರಾ, ಕೊಟ್ಟಿದ್ದರೆ ಸಲೂನಿನವರು ದರ ಇಳಿಸಿದರೇ? ದಯವಿಟ್ಟು ತಿಳಿಸಿ.